ಯಾವ ಯೀಸ್ಟ್, ಎಲ್ಲಿಂದ ಬಂತು?

(ಈ ಸಾಲಿನ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಹಳೆಯ ವಿದ್ಯಾರ್ಥಿನಿ, ಆಸ್ಪತ್ರೆಯೊಂದರ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ತಂತ್ರಜ್ಞೆಯಾಗಿರುವವರು ಮಾಡಿದ ಭಾಷಣ)



ಕಾರ್ಯದರ್ಶಿಗಳು ಫೋನ್ ಮಾಡಿ, "ಮಕ್ಕಳಿಗೆ ನಿನ್ನ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಹೇಳಮ್ಮ" ಅಂದರು. ಒಪ್ಪಿಕೊಂಡೆ. ಆಮೇಲೆ ಯೋಚನೆಯಾಯಿತು, ಊಟಕ್ಕೆ ಮುಂಚೆ ಹೇಳುವಂಥ ಕೆಲಸವಲ್ಲ ನನ್ನದು. ದಿನವಿಡೀ ರಕ್ತ, ಮೂತ್ರ, ಕಫ, ಅವುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಬೂಷ್ಟು ನೋಡುವುದು. ಅಡುಗೆಯವರು ಮನ್ನಿಸಬೇಕು.

ಹನ್ನೆರಡು ವರ್ಷದ ಹಿಂದೆ ಇಂಥದೇ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಅಬ್ಬಾ ಪಕ್ಕ ಕೂತಿದ್ದೆ. ಬಿ.ಎಸ್ಸಿ. ಎಂಎಲ್‌ಟಿ ಮೊದಲ ವರ್ಷದ ಫೀಸಿಗೆ ಟ್ರಸ್ಟ್ ಚೆಕ್ ಕೊಟ್ಟಿತು. ಹೆಸರಿನ ಸ್ಪೆಲಿಂಗ್ ತಪ್ಪಾಗಿ ಬ್ಯಾಂಕಿಗೆ ಎರಡು ಸಲ ಅಲೆದೆವು ಅನ್ನುವುದನ್ನೂ ಹೇಳಿಬಿಡುತ್ತೇನೆ, ಈಗ ನಗಬಹುದು.

ಮರುವರ್ಷ, 2014ರಲ್ಲಿ, ನನ್ನ ಮಾಮು ತೀರಿಕೊಂಡರು. ಯಶವಂತಪುರದ ಕಡೆ ಲಾರಿ ರಿಪೇರಿ ಕೆಲಸ ಮಾಡುತ್ತಿದ್ದರು. ಕರುಳು ತೂತಾಗಿ ಆಪರೇಷನ್ ಆಯಿತು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಆದರೆ ವೆಂಟಿಲೇಟರ್‌ನಿಂದ ಇಳಿಸಲಾಗಲಿಲ್ಲ. ಐಸಿಯುನಲ್ಲಿ ಮೂರನೇ ವಾರ ಜ್ವರ ಬಂತು. ಆಂಟಿಬಯಾಟಿಕ್ ಬದಲಿಸಿದರು, ಮತ್ತೆ ಬದಲಿಸಿದರು, ಜ್ವರ ಇಳಿಯಲಿಲ್ಲ. ಆಮೇಲೆ "ರಕ್ತದಲ್ಲಿ ಯೀಸ್ಟ್ ಬೆಳೆದಿದೆ" ಅಂತ ಮೊದಲ ರಿಪೋರ್ಟ್. ಫ್ಲುಕೋನಜೋಲ್ ಶುರು ಮಾಡಿದರು. ಯಾವ ಯೀಸ್ಟ್ ಅನ್ನುವ ಎರಡನೇ ರಿಪೋರ್ಟ್ ಬರುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಅದರಲ್ಲಿ "ಕ್ಯಾಂಡಿಡಾ ಹೀಮ್ಯುಲೋನಿ" ಅಂತ ಬರೆದಿತ್ತು. ಔಷಧ ಬದಲಿಸಿದರು. ಎರಡು ದಿನಕ್ಕೆ ಮಾಮು ಹೋದರು.

ನಲವತ್ತನೇ ದಿನದ ಫಾತಿಹಾ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮುಮಾನಿ ನನ್ನನ್ನು ಒಳಗೆ ಕರೆದರು. "ಬೇಟಿ, ನೀನು ಲ್ಯಾಬ್ ಓದ್ತಿದ್ದೀಯಲ್ಲ, ನಿಜ ಹೇಳು. ನಾನು ಮನೆಯಿಂದ ಒಂದು ಟವಲ್ ತಗೊಂಡು ಹೋಗಿ ಅವರ ಮುಖ ಒರೆಸಿದ್ದೆ. ಸಿಸ್ಟರ್ ಬೈದರು. ಅದರಿಂದ ಬಂತಾ?"

ನನಗೆ ಉತ್ತರ ಗೊತ್ತಿರಲಿಲ್ಲ. "ಇಲ್ಲ ಬಿಡಿ" ಅಂದೆ. ಎರಡನೇ ವರ್ಷದ ಹುಡುಗಿ ಸಮಾಧಾನಕ್ಕೆ ಹೇಳಿದ ಮಾತು ಅಂತ ಅವರಿಗೂ ತಿಳಿಯಿತು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಒಂದು ಪ್ರಶ್ನೆಯ ಬಗ್ಗೆ.

ಯೀಸ್ಟ್ ಅಂದರೆ ನಿಮಗೆ ಬೇಕರಿ ನೆನಪಾಗುತ್ತದೆ. ಬ್ರೆಡ್ಡಿನ ಹಿಟ್ಟು ಉಬ್ಬಿಸುವುದು ಒಂದು ಜಾತಿ. ಅದರ ದೂರದ ನೆಂಟರು ಕ್ಯಾಂಡಿಡಾ ಅನ್ನುವ ಗುಂಪು. ಅವು ನಮ್ಮೆಲ್ಲರ ಬಾಯಿ, ಕರುಳು, ಚರ್ಮದ ಮೇಲೆ ಇದ್ದೇ ಇರುತ್ತವೆ, ಗಲಾಟೆ ಮಾಡುವುದಿಲ್ಲ. ಐಸಿಯು ರೋಗಿಯ ಕಥೆ ಬೇರೆ. ಕತ್ತಿನ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕಿರುತ್ತಾರೆ, ಮೂತ್ರಕ್ಕೆ ಕೊಳವೆ, ಉಸಿರಿಗೆ ಕೊಳವೆ. ಹೊಟ್ಟೆ ಕೊಯ್ದಿರುತ್ತಾರೆ. ಆಂಟಿಬಯಾಟಿಕ್‌ಗಳು ಯೀಸ್ಟನ್ನು ಹದ್ದಿನಲ್ಲಿಟ್ಟಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಂದಿರುತ್ತವೆ. ಆಗ ಯೀಸ್ಟ್ ರಕ್ತಕ್ಕೆ ಇಳಿಯುತ್ತದೆ.

ಇದು ಎಷ್ಟು ಸಾಮಾನ್ಯ ಅಂತ ನಮ್ಮ ದೇಶದಲ್ಲಿ ಸರಿಯಾಗಿ ಎಣಿಸಿದವರು ಚಂಡೀಗಢದ ಪಿಜಿಐನ ಅರುಣಾಲೋಕೆ ಚಕ್ರವರ್ತಿ ಮತ್ತು ಅವರ ಸಂಗಡಿಗರು. 2011ರ ಏಪ್ರಿಲ್‌ನಿಂದ 2012ರ ಸೆಪ್ಟೆಂಬರ್‌ವರೆಗೆ ದೇಶದ 27 ಐಸಿಯುಗಳನ್ನು ನೋಡಿದರು. ಸಿಕ್ಕಿದ್ದು 1,400 ರೋಗಿಗಳು. ಐಸಿಯುಗೆ ಸೇರಿದ ಪ್ರತಿ ಸಾವಿರ ಜನರಲ್ಲಿ ಆರೇಳು ಮಂದಿಯ ರಕ್ತದಲ್ಲಿ ಕ್ಯಾಂಡಿಡಾ. ಅವರಲ್ಲಿ ಒಂದು ತಿಂಗಳೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 45. ಎಲ್ಲರೂ ಯೀಸ್ಟಿನಿಂದಲೇ ಸತ್ತರು ಅಂತಲ್ಲ, ಅವರು ಮೊದಲೇ ಬಹಳ ಕಾಯಿಲೆಯವರು. ಆದರೂ ಸಣ್ಣ ಸಂಖ್ಯೆಯಲ್ಲ.

ಆ 1,400ರಲ್ಲಿ 74 ಮಂದಿಗೆ ಬಂದಿದ್ದು ಹೊಸ ಜಾತಿ, ಕ್ಯಾಂಡಿಡಾ ಔರಿಸ್. 27 ಐಸಿಯುಗಳ ಪೈಕಿ 19ರಲ್ಲಿ ಅದು ಇತ್ತು. ಔರಿಸ್ ಅಂದರೆ ಲ್ಯಾಟಿನ್‌ನಲ್ಲಿ ಕಿವಿ. 2009ರಲ್ಲಿ ಜಪಾನಿನಲ್ಲಿ ಒಬ್ಬ ಮಹಿಳೆಯ ಕಿವಿಯಿಂದ ತೆಗೆದ ಮಾದರಿಯಲ್ಲಿ ಮೊದಲು ಗುರುತಿಸಿ ಈ ಹೆಸರಿಟ್ಟರು. 2024ರಲ್ಲಿ ವಿಜ್ಞಾನಿಗಳು ಅದನ್ನು ಕ್ಯಾಂಡಿಡೋಜೈಮಾ ಔರಿಸ್ ಅಂತ ಬದಲಿಸಿದರು. ರಿಪೋರ್ಟಿನಲ್ಲಿ ಎರಡರಲ್ಲಿ ಯಾವ ಹೆಸರಿದ್ದರೂ ಒಂದೇ.

ಇದರ ಮೂರು ಗುಣ ನಮಗೆ ತಲೆನೋವು. ಫ್ಲುಕೋನಜೋಲ್ ಅನ್ನುವ ಅಗ್ಗದ, ಎಲ್ಲೆಡೆ ಸಿಗುವ ಔಷಧಕ್ಕೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ದುಬಾರಿ ಇಂಜೆಕ್ಷನ್‌ಗಳೇ ಬೇಕಾಗುತ್ತವೆ. ಮಂಚದ ಕಂಬಿ, ಬಿಪಿ ಪಟ್ಟಿ, ಮಾನಿಟರ್ ತಂತಿಯ ಮೇಲೆ ವಾರಗಟ್ಟಲೆ ಬದುಕುತ್ತದೆ, ರೋಗಿಯಿಂದ ರೋಗಿಗೆ ದಾಟುತ್ತದೆ. ಮತ್ತೆ, ಹಳೆಯ ಯಂತ್ರಗಳಿಗೆ ಇದರ ಗುರುತೇ ಇರಲಿಲ್ಲ. ಅವು ತಮಗೆ ಗೊತ್ತಿದ್ದ ಹತ್ತಿರದ ಹೆಸರು ಹೇಳುತ್ತಿದ್ದವು. ಬಹಳ ಸಲ ಹೇಳುತ್ತಿದ್ದ ಹೆಸರು, ಕ್ಯಾಂಡಿಡಾ ಹೀಮ್ಯುಲೋನಿ.

ಕೆಲಸಕ್ಕೆ ಸೇರಿದ ಮೇಲೆ ಒಂದು ತರಬೇತಿಯಲ್ಲಿ ಪರದೆಯ ಮೇಲೆ ಈ ಸಾಲು ಬಂತು. ನಾನು ನೋಟ್ಸ್ ಬರೆಯುವುದನ್ನು ನಿಲ್ಲಿಸಿದೆ. ಮಾಮುಗೆ ಬಂದಿದ್ದು ಔರಿಸ್ ಆಗಿತ್ತೋ, ನಿಜವಾಗಿ ಹೀಮ್ಯುಲೋನಿಯೋ, ಇನ್ನು ಯಾರೂ ಹೇಳಲಾರರು. ಆ ಪ್ಲೇಟನ್ನು ಯಾವಾಗಲೋ ಆಟೋಕ್ಲೇವ್‌ನಲ್ಲಿ ಬೇಯಿಸಿ ಎಸೆದಿರುತ್ತಾರೆ, ಅದು ನಿಯಮವೂ ಹೌದು.

ಈಗ ಹೆಸರು ತಿಳಿಯುವುದು ಸುಲಭ. ಮಾಲ್ಡಿ-ಟಾಫ್ ಅನ್ನುವ ಯಂತ್ರ ಯೀಸ್ಟಿನ ಪ್ರೋಟೀನ್‌ಗಳನ್ನು ಲೇಸರ್‌ನಿಂದ ಹಾರಿಸಿ, ಅವುಗಳ ತೂಕದ ನಕ್ಷೆ ನೋಡಿ, ಪ್ಲೇಟಿನಲ್ಲಿ ಬೆಳೆದ ಮೇಲೆ ಕೆಲವೇ ನಿಮಿಷದಲ್ಲಿ ಜಾತಿ ಹೇಳುತ್ತದೆ. ಆದರೆ ಜಾತಿ ತಿಳಿದರೆ ಮುಮಾನಿಯ ಪ್ರಶ್ನೆಗೆ ಅರ್ಧ ಉತ್ತರ ಮಾತ್ರ. "ಎಲ್ಲಿಂದ" ಅನ್ನುವುದಕ್ಕೆ ಡಿಎನ್‌ಎ ಒಳಗೆ ಹೋಗಬೇಕು. ಇದಕ್ಕೆ ನಾವು ತಳಿ ಪತ್ತೆ ಅನ್ನುತ್ತೇವೆ. ಒಂದೇ ಜಾತಿಯ ಎರಡು ಯೀಸ್ಟ್‌ಗಳು ಅಕ್ಕತಂಗಿಯರೋ, ದೂರದ ಸಂಬಂಧಿಕರೋ ಅಂತ ನೋಡುವುದು.

ದೆಹಲಿಯಲ್ಲಿ ನಡೆದದ್ದು ಕೇಳಿ. ಅಲ್ಲಿನ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಅನುರಾಧಾ ಚೌಧರಿ ಮತ್ತು ಸಂಗಡಿಗರು ಎರಡು ಆಸ್ಪತ್ರೆಗಳ 12 ರೋಗಿಗಳ ಯೀಸ್ಟನ್ನು ಹೋಲಿಸಿ 2013ರಲ್ಲಿ ಪ್ರಕಟಿಸಿದರು. ಯಂತ್ರ ಹೀಮ್ಯುಲೋನಿ ಅಂದಿತ್ತು, ಡಿಎನ್‌ಎ ಔರಿಸ್ ಅಂದಿತು. ಅಷ್ಟೇ ಅಲ್ಲ, ಹನ್ನೆರಡೂ ಮಂದಿಯಲ್ಲಿ ಒಂದೇ ತಳಿ. ಜಪಾನ್, ಕೊರಿಯಾದ ಔರಿಸ್‌ಗಿಂತ ಅದು ಬೇರೆ. ಹನ್ನೆರಡು ಬೇರೆ ಬೇರೆ ಮನೆಗಳಿಂದ ಬಂದವರ ರಕ್ತದಲ್ಲಿ ಒಂದೇ ತಳಿ ಸಿಕ್ಕರೆ ಏನರ್ಥ? ಅವರವರ ಮನೆಯಿಂದ ಬಂದಿಲ್ಲ.

ಆ ಲೇಖನ ಓದಿದ ವಾರವೇ ಮುಮಾನಿ ಮನೆಗೆ ಹೋದೆ. ಮಾಮುದು ಯಾವ ಯೀಸ್ಟ್ ಅಂತ ನನಗೆ ಗೊತ್ತಿಲ್ಲ, ಪ್ರಮಾಣ ಮಾಡಿ ಹೇಳಲಾರೆ, ಆದರೆ ಅದು ಔರಿಸ್ ಆಗಿದ್ದರೆ ಆಸ್ಪತ್ರೆಯೊಳಗೇ ದಾಟಿದ್ದಿರಬೇಕು, ಬೇರೆ ಕ್ಯಾಂಡಿಡಾ ಆಗಿದ್ದರೆ ಅವರ ಕರುಳಿನಿಂದಲೇ ಇಳಿದಿರಬಹುದು, ಟವಲ್ಲಿನ ಸಾಧ್ಯತೆ ಬಹಳ ಕಡಿಮೆ ಅಂತ ಹೇಳಿದೆ. ಆ ಟವಲ್ಲನ್ನು ಅವರು ಇಟ್ಟುಕೊಂಡಿದ್ದರು. ಅದನ್ನು ತೆಗೆದು ನನ್ನೆದುರೇ ಮಡಚಿ ಮತ್ತೆ ಒಳಗಿಟ್ಟರು. ಏನೂ ಮಾತಾಡಲಿಲ್ಲ, ಚಹಾ ಮಾಡಿಕೊಟ್ಟರು.

ಇನ್ನು ಸ್ವಲ್ಪ ನಮ್ಮ ಏರಿಯಾದ ಮಾತು. ಭಾರತ, ಪಾಕಿಸ್ತಾನ, ದಕ್ಷಿಣ ಆಫ್ರಿಕಾ, ವೆನೆಜುವೆಲಾದಿಂದ ಬಂದ ಔರಿಸ್‌ಗಳ ಇಡೀ ಡಿಎನ್‌ಎ ಓದಿ, ಜಪಾನಿನದರ ಜೊತೆ ಹೋಲಿಸಿದಾಗ, ಅವು ನಾಲ್ಕು ದೊಡ್ಡ ವಂಶಶಾಖೆಗಳು ಅಂತ ಗೊತ್ತಾಯಿತು. ದಕ್ಷಿಣ ಏಷ್ಯಾದ್ದು, ಪೂರ್ವ ಏಷ್ಯಾದ್ದು, ಆಫ್ರಿಕಾದ್ದು, ದಕ್ಷಿಣ ಅಮೆರಿಕಾದ್ದು. ಶಾಖೆ ಶಾಖೆಗಳ ನಡುವೆ ಹತ್ತಾರು ಸಾವಿರ ಅಕ್ಷರಗಳ ವ್ಯತ್ಯಾಸ, ಒಂದೇ ಶಾಖೆಯೊಳಗೆ ಬಹಳ ಕಡಿಮೆ. ಅಂದರೆ ನಾಲ್ಕು ಕಡೆ ಬೇರೆ ಬೇರೆಯಾಗಿ, ಹೆಚ್ಚುಕಡಿಮೆ ಒಂದೇ ಕಾಲಕ್ಕೆ ತಲೆ ಎತ್ತಿದೆ. ದಕ್ಷಿಣ ಏಷ್ಯಾದ ಶಾಖೆ ಅಂತ ಹೆಸರಿಟ್ಟ ಮಾತ್ರಕ್ಕೆ ಅದು ನಮ್ಮ ತಪ್ಪಲ್ಲ. ರೋಗಕ್ಕೆ ಒಂದು ಊರಿನ, ಒಂದು ಜನರ ಹೆಸರು ಅಂಟಿಸಿದರೆ ಹೇಗಿರುತ್ತದೆ ಅಂತ ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಡೀ ಡಿಎನ್‌ಎ ಓದಲು ದುಡ್ಡು ಬೇಕು, ಯಂತ್ರ ಬೇಕು, ಕಂಪ್ಯೂಟರ್ ಬಲ್ಲವರು ಬೇಕು. ಸಾಮಾನ್ಯ ಲ್ಯಾಬಿನಲ್ಲಿ ಶಾಖೆ ತಿಳಿಯಲು ಸುಲಭದ ದಾರಿ ಇದೆಯೇ? ಇದೆ ಅಂತ ತೋರಿಸಿದ್ದು ಇಲ್ಲೇ, ಜಕ್ಕೂರಿನಲ್ಲಿ. ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವಾಗ ಜಕ್ಕೂರು ಕ್ರಾಸಿನಿಂದ ಒಳಗೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಇದೆಯಲ್ಲ, 1989ರಲ್ಲಿ ಶುರುವಾದದ್ದು. ನಮ್ಮಲ್ಲಿ ಎಷ್ಟೋ ಜನ ಅದರ ಹತ್ತಿರವೇ ಮನೆ ಮಾಡಿಕೊಂಡಿದ್ದರೂ ಒಳಗೆ ಏನು ನಡೆಯುತ್ತದೆ ಅಂತ ಕೇಳಿಲ್ಲ. ಅಲ್ಲಿ ಕೌಸ್ತುವ್ ಸನ್ಯಾಲ್ ಅವರ ಪ್ರಯೋಗಾಲಯ ಯೀಸ್ಟುಗಳ ವರ್ಣತಂತುಗಳ ಮೇಲೆ ಕೆಲಸ ಮಾಡಿದೆ. ಔರಿಸ್‌ಗೆ ಏಳು ವರ್ಣತಂತು. ಶಾಖೆಯಿಂದ ಶಾಖೆಗೆ ಈ ವರ್ಣತಂತುಗಳ ತುಂಡುಗಳು ಕಡಿದು, ಬೇರೆ ಕಡೆ ಅಂಟಿಕೊಂಡಿವೆ ಅಂತ 2021ರಲ್ಲಿ ಪ್ರಕಟಿಸಿದರು. ಮರುವರ್ಷ ಅಶ್ವತಿ ನಾರಾಯಣನ್, ಸನ್ಯಾಲ್, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ರಾಹುಲ್ ಸಿದ್ಧಾರ್ಥನ್ ಮತ್ತು ಸಂಗಡಿಗರು ಆ ಅಂಟಿನ ಜಾಗಗಳನ್ನೇ ಗುರುತಾಗಿ ಬಳಸಿ ಒಂದು ಪರೀಕ್ಷೆ ಮಾಡಿದರು. ಅದರ ಹೆಸರು ಕ್ಲೇಐಡಿ.

ಮಕ್ಕಳಿಗೆ ಹೀಗೆ ಹೇಳುತ್ತೇನೆ. ಹೆಬ್ಬಾಳದಲ್ಲಿ ಬಸ್ಸು ಹತ್ತುವಾಗ ಕಂಡಕ್ಟರನ್ನು ಇಡೀ ರೂಟ್ ಕೇಳುತ್ತೀರಾ? ಇಲ್ಲ. "ಹೆಬ್ಬಾಳ ಆದಮೇಲೆ ಕೊಡಿಗೇಹಳ್ಳಿ ಗೇಟಾ, ವೀರಣ್ಣಪಾಳ್ಯನಾ?" ಅಷ್ಟೇ. ಗೇಟು ಅಂದರೆ ಯಲಹಂಕದ ಕಡೆ, ವೀರಣ್ಣಪಾಳ್ಯ ಅಂದರೆ ರಿಂಗ್ ರೋಡು. ಒಂದರ ಪಕ್ಕ ಇನ್ನೊಂದು ಯಾವುದು ಅಂತ ತಿಳಿದರೆ ರೂಟ್ ತಿಳಿಯುತ್ತದೆ. ಪಿಸಿಆರ್ ಕೇಳುವುದೂ ಇದನ್ನೇ. ಆ ಶಾಖೆಯಲ್ಲಿ ಮಾತ್ರ ಅಕ್ಕಪಕ್ಕ ಬರುವ ಎರಡು ತುಂಡುಗಳು ಅಲ್ಲಿದ್ದರೆ ಡಿಎನ್‌ಎ ಪ್ರತಿಗಳು ಬೆಳೆದು ಜೆಲ್ ಮೇಲೆ ಒಂದು ಗೆರೆ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಪ್ಲೇಟಿನ ಮೇಲೆ ಬೆಳೆದ ಯೀಸ್ಟನ್ನು ಚೂರು ತೆಗೆದು ನೇರವಾಗಿ ಟ್ಯೂಬಿಗೆ ಹಾಕಬಹುದು, ಡಿಎನ್‌ಎ ಶುದ್ಧಮಾಡುತ್ತಾ ಕೂರಬೇಕಾಗಿಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಪಿಸಿಆರ್ ಯಂತ್ರಗಳು ಎಷ್ಟೋ ಕಡೆ ಇವೆ.

ಇದರ ಮಿತಿಯನ್ನೂ ಹೇಳಬೇಕು. ಇದು ಶಾಖೆ ಹೇಳುತ್ತದೆ, ಹಾಸಿಗೆ ಹೇಳುವುದಿಲ್ಲ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಿಗುವ ಔರಿಸ್ ಹೆಚ್ಚಾಗಿ ದಕ್ಷಿಣ ಏಷ್ಯಾದ ಶಾಖೆಯದೇ. ಹಾಗಾಗಿ ಮೂರನೇ ಬೆಡ್ಡಿನಿಂದ ಏಳನೇ ಬೆಡ್ಡಿಗೆ ದಾಟಿತೇ ಅಂತ ತಿಳಿಯಲು ಇನ್ನೂ ಸೂಕ್ಷ್ಮವಾದ ಪರೀಕ್ಷೆ ಬೇಕು. ಡಿಎನ್‌ಎಯಲ್ಲಿ ಕೆಲವು ಕಡೆ ಒಂದೇ ಸಣ್ಣ ಪದ ಮಣಿಸರದಂತೆ ಮತ್ತೆ ಮತ್ತೆ ಬರುತ್ತದೆ. ಮಣಿ ಎಷ್ಟು ಅಂತ ಹಲವು ಕಡೆ ಎಣಿಸಿ ಹೋಲಿಸುವ ವಿಧಾನವೊಂದು ಔರಿಸ್‌ಗೆ 2020ರಲ್ಲಿ ಬಂತು. ಅದಕ್ಕೂ ಖಚಿತ ಬೇಕೆಂದರೆ ಇಡೀ ಡಿಎನ್‌ಎ ಓದಬೇಕು.

ಹಾಗೆ ಓದಿ ಏನು ಸಿಕ್ಕಿತು ಅಂತ ದಾನಿಗಳು ಕೇಳಬಹುದು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಒಂದು ಆಸ್ಪತ್ರೆಯ ನರರೋಗ ಐಸಿಯು. 2015ರ ಫೆಬ್ರವರಿಯಿಂದ 2017ರ ಆಗಸ್ಟ್‌ವರೆಗೆ 70 ರೋಗಿಗಳ ಮೈಮೇಲೆ ಅಥವಾ ದೇಹದೊಳಗೆ ಔರಿಸ್ ಸಿಕ್ಕಿತು. ಎಷ್ಟು ತೊಳೆದರೂ ನಿಲ್ಲಲಿಲ್ಲ. ಡಿಎನ್‌ಎ ಓದಿದಾಗ ಎಲ್ಲವೂ ಒಂದೇ ಗುಂಪು. ಹಾಗಾದರೆ ಒಳಗೇ ಏನೋ ಒಂದು ಹರಡುತ್ತಿದೆ. ಒಬ್ಬೊಬ್ಬ ರೋಗಿಗೂ ಏನೇನು ಉಪಕರಣ ಬಳಸಿದ್ದರು ಅಂತ ಲೆಕ್ಕ ಹಾಕಿದರು. ಸಿಕ್ಕಿದ್ದು ಕಂಕುಳಲ್ಲಿಡುವ, ಒರೆಸಿ ಮತ್ತೆ ಬಳಸುವ, ಜ್ವರ ನೋಡುವ ಕಡ್ಡಿ. ಅದನ್ನು ತೆಗೆದ ಮೇಲೆ ಹೊಸ ರೋಗಿಗಳ ಸಂಖ್ಯೆ ಇಳಿಯಿತು. ಯಾವ ನರ್ಸಿನ ತಪ್ಪು, ಯಾವ ನೆಂಟರ ತಪ್ಪು ಅಂತ ಹುಡುಕಿಕೊಂಡು ಕೂತಿದ್ದರೆ ಆ ಕಡ್ಡಿ ಇನ್ನೂ ಅಲ್ಲೇ ಇರುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿತು. ಹತ್ತೊಂಬತ್ತರಲ್ಲಿ ಅತಿ ಗಂಭೀರ ಅಂತ ನಾಲ್ಕನ್ನು ಇಟ್ಟರು, ಔರಿಸ್ ಅದರಲ್ಲೊಂದು. ದೆಹಲಿಯ ಒಂದು ಕೋವಿಡ್ ಐಸಿಯುನಲ್ಲಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ರಕ್ತದಲ್ಲಿ ಕ್ಯಾಂಡಿಡಾ ಬಂದ 15 ಮಂದಿಯಲ್ಲಿ 10 ಮಂದಿಗೆ ಇದ್ದದ್ದು ಇದೇ.

ಈಗ ನಿಮಗೆ ನೇರವಾಗಿ ಕೆಲವು ಮಾತು. ಟ್ರಸ್ಟ್ ಪ್ರತಿವರ್ಷ ಆಸ್ಪತ್ರೆ ಬಿಲ್ಲುಗಳಿಗೂ ಸಹಾಯ ಮಾಡುತ್ತದೆ. ಬಿಲ್ಲಿನಲ್ಲಿ "ಫಂಗಲ್ ಕಲ್ಚರ್", "ಐಡೆಂಟಿಫಿಕೇಷನ್", "ಸೆನ್ಸಿಟಿವಿಟಿ" ಅಂತ ಬಂದರೆ, ಇದು ಯಾಕೆ ಅಂತ ಗೆರೆ ಎಳೆಯಬೇಡಿ. ಬೇರೆ ಕಡೆ ಉಳಿಸಿ. ಯಾವ ಯೀಸ್ಟ್, ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಗೊತ್ತಿಲ್ಲದೆ ಸುರಿದ ಔಷಧದ ಬಿಲ್ಲು ಅದಕ್ಕಿಂತ ದೊಡ್ಡದು. ತಳಿ ಪತ್ತೆಯ ಖರ್ಚು ಮಾತ್ರ ರೋಗಿಯ ಮನೆಯವರ ಮೇಲೆ ಬರಬಾರದು ಅನ್ನುವುದು ನನ್ನ ಅಭಿಪ್ರಾಯ. ಅದು ಒಬ್ಬರ ಚಿಕಿತ್ಸೆಗಲ್ಲ, ಇಡೀ ವಾರ್ಡಿನ ರಕ್ಷಣೆಗೆ. ಆಸ್ಪತ್ರೆಯೇ ಮಾಡಿಸಬೇಕು.

ಮನೆಯವರಿಗೆ: ಡಾಕ್ಟರು "ರಕ್ತದಲ್ಲಿ ಫಂಗಸ್ ಇದೆ" ಅಂದರೆ, "ಯಾವ ಜಾತಿ ಸಾರ್, ಕೊನೆಯ ರಿಪೋರ್ಟ್ ಯಾವಾಗ ಬರುತ್ತೆ?" ಅಂತ ಮರ್ಯಾದೆಯಿಂದ ಕೇಳಿ. ಜಗಳ ಬೇಡ. ಒಳಗೆ ಹೋಗುವಾಗ, ಬರುವಾಗ, ಎರಡು ಸಲವೂ ಬಾಗಿಲಲ್ಲಿರುವ ಸ್ಯಾನಿಟೈಸರ್ ಕೈಗೆ ಹಚ್ಚಿ. ಪಕ್ಕದ ಬೆಡ್ಡಿನವರ ಪರಿಚಯವಿದ್ದರೂ ಅವರನ್ನು ಮುಟ್ಟಬೇಡಿ, ಅವರ ದಿಂಬು ಸರಿಮಾಡಬೇಡಿ. ನಮ್ಮವರಿಗೆ ಇದು ಕಷ್ಟ, ಪಕ್ಕದವರು ಒಬ್ಬರೇ ಮಲಗಿದ್ದರೆ ನಮಗೆ ಸುಮ್ಮನಿರಲು ಆಗುವುದಿಲ್ಲ. ಸಿಸ್ಟರನ್ನು ಕರೆಯಿರಿ.

ಇನ್ನೊಂದು, ನನಗೆ ಬಹಳ ಮುಖ್ಯವಾದದ್ದು. ಔರಿಸ್ ಬಂದು ವಾಸಿಯಾದವರ ಚರ್ಮದ ಮೇಲೆ ಅದು ತಿಂಗಳುಗಟ್ಟಲೆ ಉಳಿಯಬಹುದು. ಮನೆಯಲ್ಲಿ ಆರೋಗ್ಯವಾಗಿರುವವರಿಗೆ ಅದರಿಂದ ತೊಂದರೆ ಕಡಿಮೆ. ಅವರನ್ನು ದೂರ ಕೂರಿಸುವುದು, ಬೇರೆ ತಟ್ಟೆ ಕೊಡುವುದು ಏನೂ ಬೇಡ, ಕೈ ತೊಳೆದರೆ ಸಾಕು. ಆದರೆ ಮತ್ತೊಂದು ಆಸ್ಪತ್ರೆಗೆ ಸೇರಿಸುವಾಗ ಹಳೆಯ ರಿಪೋರ್ಟ್ ತೋರಿಸಲೇಬೇಕು. ಬೆಡ್ ಕೊಡುವುದಿಲ್ಲವೇನೋ ಅಂತ ಹೆದರಿ ಮುಚ್ಚಿಡುವ ಮನೆಗಳನ್ನು ನಾನು ನೋಡಿದ್ದೇನೆ. ಆ ಹೆದರಿಕೆ ಸುಳ್ಳಲ್ಲ. ಆದರೂ ತೋರಿಸಿ. ಮೊದಲೇ ಗೊತ್ತಿದ್ದರೆ ಪ್ರತ್ಯೇಕ ಇಡುತ್ತಾರೆ, ಕ್ಲೋರಿನ್ ಹಾಕಿ ಒರೆಸುತ್ತಾರೆ, ಜ್ವರ ಬಂದರೆ ಸರಿಯಾದ ಔಷಧ ಮೊದಲ ದಿನವೇ ಶುರುವಾಗುತ್ತದೆ. ಗೊತ್ತಿಲ್ಲದಿದ್ದರೆ ಪಕ್ಕದ ಬೆಡ್ಡಿನಲ್ಲಿ ಇನ್ನೊಬ್ಬರ ಮಾಮು ಮಲಗಿರುತ್ತಾರೆ.

ವಿದ್ಯಾರ್ಥಿಗಳೇ, ನೀಟ್‌ನಲ್ಲಿ ಸೀಟು ಸಿಗಲಿಲ್ಲ ಅಂತ ಅಳುತ್ತಾ ನನಗೆ ಮೆಸೇಜ್ ಮಾಡುವ ಹುಡುಗಿಯರು ಪ್ರತಿವರ್ಷ ಇರುತ್ತಾರೆ. ಲ್ಯಾಬ್ ಅಂದರೆ ರಕ್ತ ತೆಗೆಯುವ ಕೆಲಸ ಅಂತ ಅಂದುಕೊಂಡಿರುತ್ತಾರೆ. ರಾತ್ರಿ ಎರಡು ಗಂಟೆಗೆ ಬ್ಲಡ್ ಕಲ್ಚರ್ ಯಂತ್ರ ಕೂಗಿದಾಗ, ಬಾಟಲ್ ತೆಗೆದು, ಸ್ಲೈಡ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ಮೊಗ್ಗೊಡೆಯುತ್ತಿರುವ ಯೀಸ್ಟ್ ಕಂಡು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವವರು ನಾವು. ಆ ಫೋನು ಬೆಳಿಗ್ಗೆವರೆಗೆ ತಡವಾದರೆ ರೋಗಿಗೆ ಔಷಧವೂ ತಡ. ನೈಟ್ ಡ್ಯೂಟಿ ಇದೆ, ಸಂಬಳ ಮೊದಲ ವರ್ಷಗಳಲ್ಲಿ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಪಿಯುಸಿಯಲ್ಲಿ ಜೀವಶಾಸ್ತ್ರ ಇಟ್ಟುಕೊಳ್ಳಿ. ಸೇರುವ ಮೊದಲು ಕಾಲೇಜಿಗೆ ಮಾನ್ಯತೆ ಇದೆಯೇ, ಕಲಿಯಲು ನಿಜವಾದ ಆಸ್ಪತ್ರೆ ಇದೆಯೇ ಅಂತ ಹೋಗಿ ನೋಡಿ, ಬಣ್ಣದ ಪುಸ್ತಕ ನಂಬಬೇಡಿ. ಓದು ಮುಂದುವರಿಸುವ ಆಸೆ ಇದ್ದರೆ ಎಂ.ಎಸ್ಸಿ., ಸಂಶೋಧನೆ ಎಲ್ಲ ಇದೆ. ಜಕ್ಕೂರು ದೂರವಿಲ್ಲ ಅಂತ ಆಗಲೇ ಹೇಳಿದೆ.

ಊಟ ಆದಮೇಲೆ ಅರ್ಜಿ ಕೌಂಟರ್ ಪಕ್ಕದ ಮೇಜಿನಲ್ಲಿ ನಾಲ್ಕು ಗಂಟೆವರೆಗೆ ಇರುತ್ತೇನೆ. ಅಲ್ಲಿ ಒಂದು ಸ್ಲೈಡ್ ಮತ್ತು ಹಳೆಯ ಮೈಕ್ರೋಸ್ಕೋಪ್ ಇಟ್ಟಿದ್ದೇನೆ. ಸ್ಲೈಡಿನಲ್ಲಿರುವುದು ಬೇಕರಿ ಯೀಸ್ಟ್, ಹೆದರಬೇಡಿ. ಮನೆಯಲ್ಲಿ ಯಾರದಾದರೂ ರಿಪೋರ್ಟ್ ಅರ್ಥವಾಗದೆ ಇದ್ದರೆ ಅದನ್ನೂ ತನ್ನಿ, ಓದಿ ಹೇಳುತ್ತೇನೆ. ಮತ್ತೆ, ಚೆಕ್ ತಗೊಂಡವರು ಹೊರಡುವ ಮುಂಚೆ ಹೆಸರಿನ ಸ್ಪೆಲಿಂಗ್ ಒಮ್ಮೆ ನೋಡಿಕೊಳ್ಳಿ.